ಗಂಟೆ ಬಾರಿಸಿದವನ ಪಾಳಿ

ಮಿರಾಲ ರಾಜ್ಯಕ್ಕೆ ವಿಮಾನ ಇಲ್ಲ. ಅಲ್ಲಿನ ಗಾಳಿ ದೇವರಿಗೆ ವಿಮಾನ ಆಗಿಬರುವುದಿಲ್ಲವಂತೆ. ಮೊದಲು ಕೇಳಿದಾಗ ನಕ್ಕಿದ್ದೆ. ಹಡಗು ಹತ್ತಿದ ಮೇಲೆ ಹೊಟ್ಟೆಯಲ್ಲಿ ಒಂದು ತುತ್ತೂ ನಿಲ್ಲದೆ ಹೋದಾಗ ಆ ದೇವರ ಮೇಲೆ ವಿಪರೀತ ಸಿಟ್ಟು ಬಂತು. ನಾನು ನಾಲತವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವಳು. ನೀರು ಅಂದರೆ ಕೃಷ್ಣೆಯ ಹಿನ್ನೀರು, ಅದಕ್ಕಿಂತ ಹೆಚ್ಚಿನದು ಯಾಕೆ ಬೇಕು ಅಂದುಕೊಂಡು ಐವತ್ತು ದಾಟಿದವಳು. ಅಂಥವಳು ಸಮುದ್ರ ದಾಟಲು ಕಾರಣ ನನ್ನ ಅಣ್ಣ ಸಂಗಣ್ಣ.

ಅಣ್ಣನ ಪರಿಚಯ ಮುದ್ದೇಬಿಹಾಳದವರಿಗೆ ಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಾರ್ಕೆಟ್ ಯಾರ್ಡಿನಲ್ಲಿ ಹರಾಜು, ನಮ್ಮ ಮಾತಿನಲ್ಲಿ ಲಿಲಾವು, ಕೂಗುವುದು ಅವನ ಕಸುಬು. ತೊಗರಿಯ ರಾಶಿ ಮುಂದೆ ನಿಂತು "ಒಂದನೇ ಸವಾಲ್!" ಅಂದನೆಂದರೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವರಿಗೂ ಇವತ್ತಿನ ಧಾರಣೆ ತಿಳಿದುಬಿಡುತ್ತಿತ್ತು. ಆ ಗಂಟಲಿಗೇ ಗಡ್ಡೆಯಾಯಿತು. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಈಗ ಅವನು ಉಸಿರಾಡುವುದು ಕೊರಳಲ್ಲಿ ಮಾಡಿದ ಒಂದು ಸಣ್ಣ ತೂತಿನಿಂದ, ಅದರ ಮೇಲೆ ತೆಳುವಾದ ಬಟ್ಟೆ.

ಮಾತಾಡಲೆಂದು ಅವರೇ ಒಂದು ಯಂತ್ರ ಕೊಟ್ಟಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಗದ್ದದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಜೀರುಂಡೆ ಕೂಗಿದ ಹಾಗೆ ಗುಂಯ್ ಅನ್ನುತ್ತ ಮಾತು ಬರುತ್ತದೆ. ಆಸ್ಪತ್ರೆಯಿಂದ ಬಂದ ದಿನ ಅಣ್ಣ ಅದರಲ್ಲಿ ಮೊದಲು ಕರೆದದ್ದು ಮೊಮ್ಮಗಳು ಚಿನ್ನಿಯನ್ನು. ನಾಲ್ಕು ವರ್ಷದ ಕೂಸು ಚಿಟ್ಟನೆ ಚೀರಿ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿತು. ಅಣ್ಣ ಯಂತ್ರವನ್ನು ಡಬ್ಬಿಗೆ ಹಾಕಿಬಿಟ್ಟ. ಆಮೇಲೆ ಅದರ ದನಿ ಯಾರೂ ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವುದು, ಅರ್ಧ ಉಂಡು ತಾಟು ಸರಿಸುವುದು, ಬಂದವರಿಗೆ ಬೆನ್ನು ತೋರಿಸುವುದು. ಹೀಗೇ ಒಂದು ವರ್ಷ ಕಳೆಯಿತು. ಅವನು ಗುಣವಾಗಿದ್ದಾನೆ ಅಂತ ಡಾಕ್ಟರು ಹೇಳುತ್ತಿದ್ದರು, ಅವನು ದಿನಕ್ಕಿಷ್ಟು ನಮ್ಮಿಂದ ದೂರ ಹೋಗುತ್ತಿರುವುದು ನಮಗೆ ಕಾಣುತ್ತಿತ್ತು.

ಇಂಡಿ

ನನ್ನ ಗಂಡನ ಮನೆಯವರದು ಇಂಡಿಯ ಹತ್ತಿರ ನಿಂಬೆ ತೋಟ. ಅಲ್ಲಿಗೆ ಹಣ್ಣು ಕೊಳ್ಳಲು ಮಿರಾಲದಿಂದ ಬರುವ ವ್ಯಾಪಾರಸ್ಥೆ ಓಯ್ಲಿ. ಬಿಳಿ ಹುಬ್ಬಿನ, ಗಟ್ಟಿಮುಟ್ಟಾದ ಹೆಂಗಸು. ಅವಳ ಅಪ್ಪನೂ ಇಂಡಿಯಲ್ಲೇ ನಿಂಬೆ ಕೊಳ್ಳುತ್ತಿದ್ದನಾದ್ದರಿಂದ ಅವಳ ಕನ್ನಡ ಅಪ್ಪಟ ಇಂಡಿಯದು. ಕಣ್ಣು ಮುಚ್ಚಿಕೊಂಡು ಕೇಳಿದರೆ ನಮ್ಮ ನೆಗೆಣ್ಣಿಯೇ ಮಾತಾಡಿದ ಹಾಗೆ.

ಅಣ್ಣನ ಸುದ್ದಿ ಕೇಳಿ ಅವಳು ಅಂದಳು: "ನಮ್ಮ ದೇಶದಾಗ ದನಿಗಂತನ ಒಬ್ಬಾಕಿ ದೇವಿ ಅದಾಳ್ರಿ ಅಕ್ಕೋರ. ಅಣ್ಣಾರನ್ನ ಒಮ್ಮಿ ಕರ್ಕೊಂಡು ಬರ್ರಿ."

ದನಿಗೆ ದೇವಿ ಇದ್ದಾಳೆ ಅಂದ ಮೇಲೆ ದನಿ ಕೊಡುತ್ತಾಳೆ ಅಂತ ನಾನೇ ಲೆಕ್ಕ ಹಾಕಿಕೊಂಡೆ. ನಮ್ಮ ಕಡೆಯ ದೇವರ ರೂಢಿ ಅದು. ಕಣ್ಣಿನ ದೇವಿ ಕಣ್ಣು ಕೊಡುತ್ತಾಳೆ, ನಾವು ಬೆಳ್ಳಿಯ ಕಣ್ಣು ಏರಿಸುತ್ತೇವೆ. ಹಾಗಾಗಿ ಮುದ್ದೇಬಿಹಾಳದ ಪತ್ತಾರರ ಅಂಗಡಿಗೆ ಹೋಗಿ ಒಂದು ಬೆಳ್ಳಿ ನಾಲಗೆ ಮಾಡಿಕೊಡು ಅಂದೆ. ಕಣ್ಣು, ಕೈ, ತೊಟ್ಟಿಲು ಮಾಡಿ ರೂಢಿಯಿದ್ದ ಪತ್ತಾರ ನನ್ನನ್ನೇ ನೋಡಿದ.

"ಎಷ್ಟು ಉದ್ದ ಇರ್ಲಿರಿ ಅಕ್ಕೋರ? ನಿಮ್ಮದರಷ್ಟ ಮಾಡ್ಲೇನು?"

ಊರಿನಲ್ಲಿ ನನ್ನ ಹೆಸರು ಹಾಗಿದೆ, ಏನು ಮಾಡುವುದು. ಅಣ್ಣ ಬರುತ್ತೇನೆ ಅನ್ನಲಿಲ್ಲ, ಒಲ್ಲೆ ಅನ್ನಲೂ ಇಲ್ಲ. ಅತ್ತಿಗೆ ಅವನ ಚೀಲ ತುಂಬಿದರು. ಕಡಕ್ ರೊಟ್ಟಿ, ಖಾರದ ಶೇಂಗಾ ಹಿಂಡಿ, ನಿಂಬೆ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆವು.

ಬಂದರು

ಮಿರಾಲದ ಬಂದರಿನ ಕಚೇರಿಯಲ್ಲಿ ಮೊದಲು ಕೇಳುವುದು ಪಾಸ್‌ಪೋರ್ಟ್ ಅಲ್ಲ. ಅಧಿಕಾರಿ ಎದ್ದು ನಿಂತು ಏನೋ ಕೇಳಿದ. ಕರೆದೊಯ್ಯಲು ಬಂದಿದ್ದ ಓಯ್ಲಿ ಕನ್ನಡಕ್ಕೆ ತಂದಳು: "ನಿಮ್ಮ ಜೋಡಿ ಯಾವ ದೇವರು ಬಂದಾರ ಅಂತ ಕೇಳಾಕತ್ತಾರ್ರಿ."

ನಾನು ಕೊರಳ ಲಿಂಗವನ್ನು ತೋರಿಸಿದೆ. ಅಣ್ಣನೂ ತೋರಿಸಿದ. ಅಧಿಕಾರಿ ಕೈಮುಗಿದು, ನಮ್ಮಿಬ್ಬರ ಕುರ್ಚಿಯ ಪಕ್ಕಕ್ಕೆ ಇನ್ನೆರಡು ಕುರ್ಚಿ ಎಳೆದು, ಎರಡು ಲೋಟ ನೀರು ತಂದಿಟ್ಟ. ಪ್ರಯಾಣದಲ್ಲಿ ದೇವರಿಗೂ ದಣಿವಾಗಿರುತ್ತದಂತೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಮನುಷ್ಯರಿಗೇ ಕುರ್ಚಿ ಸಿಗುವುದು ಕಷ್ಟ. ಅಲ್ಲಿ ನಮ್ಮ ದೇವರು ಗೋಡೆಗೆ ಒರಗುವ ಕುರ್ಚಿಯಲ್ಲಿ ಕೂತು ನೀರು ಕುಡಿದ. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಆಮೇಲೆ ಅಧಿಕಾರಿ ಅಣ್ಣನ ಕಡೆ ತಿರುಗಿ ಹೆಸರು ಕೇಳಿದ. ನಾನು ಹೇಳಿದೆ. ಊರು ಕೇಳಿದ, ನಾನೇ ಹೇಳಿದೆ. ಅವನು ನನ್ನ ಕಡೆ ನೋಡದೆ ಅಣ್ಣನ ಮುಖವನ್ನೇ ನೋಡುತ್ತ ಕಾದ. ಅಣ್ಣ ತಲೆ ತಗ್ಗಿಸಿದ. ಅಧಿಕಾರಿ ಬಹಳ ಹೊತ್ತು ಕಾದ ಮೇಲೆ ಶಿಕ್ಕಾ ಒತ್ತಿದ. ಎಂಥ ಮೊಂಡ ಮನುಷ್ಯ ಅಂತ ನಾನು ದಾರಿಯುದ್ದಕ್ಕೂ ಬೈದೆ. ಶೇಂಗಾ ಹಿಂಡಿಯ ಡಬ್ಬಿ ತೆರೆದು ಮೂಸಿ ನೋಡಿ ಅವನು ಐದಾರು ಸಲ ಸೀನಿದ್ದೊಂದೇ ನನಗೆ ಸಮಾಧಾನ.

ಒಡೆದದ್ದರ ದೇವಿಯ ಓಣಿ

ಮಿರಾಲದ ದೇವರುಗಳಿಗೆ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ತಡವಾಗಿ ಬರುವವರಿಗೊಬ್ಬ ದೇವರಿದ್ದಾನೆ, ಅವನ ಗುಡಿ ತೆರೆಯುವುದೂ ತಡವಾಗಿಯೇ. ಸಿಂದಗಿಗೆ ಹೋಗುವ ನಮ್ಮ ಬಸ್ಸನ್ನು ಅವನೇ ನಡೆಸುತ್ತಾನೆ ಅಂತ ಅನುಮಾನ ಬಂತು. ಮರೆತು ಬಿಟ್ಟುಹೋದ ವಸ್ತುಗಳಿಗೊಬ್ಬಳು ದೇವಿ, ಅವಳ ಗುಡಿಯ ತುಂಬ ಕೊಡೆಗಳು. ಯಾವ ದೇವರೂ ಸರ್ವಜ್ಞನಲ್ಲ, ಯಾರೂ ಸರ್ವಶಕ್ತನಲ್ಲ. ಎಲ್ಲರಿಗೂ ಕೈತುಂಬ ಕೆಲಸ, ಯಾರಿಗೂ ಸಾಕಷ್ಟು ಕೈಗಳಿಲ್ಲ. ಹಾಗಾಗಿ ಜನ ಗುಡಿಗೆ ಹೋಗುವುದು ಪಾಳಿ ಮಾಡಲು. ಒಂದಿಷ್ಟು ಹೊತ್ತು ದೇವರ ಕೆಲಸಕ್ಕೆ ಕೈಹಚ್ಚಿ ಬರುತ್ತಾರೆ, ಅದೇ ಪೂಜೆ.

ಒಡೆದದ್ದರ ದೇವಿಯ ಗುಡಿಗೆ ಬಾಗಿಲಿಲ್ಲ, ಗೋಡೆಯೂ ಅರ್ಧವೇ. ಅಲ್ಲಿನ ಗಂಟೆಯೂ ಬಿರುಕು ಬಿಟ್ಟು ದುರಸ್ತಿಗೆ ಕಾಯುತ್ತ ಮೂಲೆಯಲ್ಲಿ ಕೂತಿತ್ತು. ಒಬ್ಬ ಹೆಂಗಸು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಯಾರದೋ ಮನೆಯ ಗಡಿಗೆಗೆ ಅಂಟು ಹಚ್ಚುತ್ತಿದ್ದಳು. ಅಂಟು ಮೂಗಿಗೂ ಮೆತ್ತಿತ್ತು. ಅವಳು ಆ ದೇಶದ ರಾಣಿ ಅಂತ ಓಯ್ಲಿ ಕಿವಿಯಲ್ಲಿ ಹೇಳಿದಳು. ನಾನು ಸೆರಗು ಸರಿಮಾಡಿಕೊಂಡು, ಅಷ್ಟು ದೂರದಿಂದ ಬಂದವಳು ಒಂದು ಪ್ರಶ್ನೆಯನ್ನಾದರೂ ಕೇಳಬೇಡವೇ ಅಂತ, ದೇವಿಯಲ್ಲಿ ಏನು ಬೇಡಿಕೊಳ್ಳುತ್ತೀರಿ ಎಂದು ಓಯ್ಲಿಯಿಂದ ಕೇಳಿಸಿದೆ.

ರಾಣಿ ಗಡಿಗೆಯಿಂದ ತಲೆ ಎತ್ತದೆ ಉತ್ತರಿಸಿದಳು. ಓಯ್ಲಿ ಹೇಳಿದಳು: "ಬೇಡೂದು ಅಂದ್ರ? ಪಾಪ, ಆಕಿಗೇ ಕೆಲಸ ಮುಗಿಯಾಂಗಿಲ್ಲ. ಅದರಾಗ ನಾವೂ ಹೋಗಿ ಬೇಡಿದ್ರ ಹ್ಯಾಂಗ ಅಂತಾರ್ರಿ."

ಓಯ್ಲಿಯನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ.

"ಹಂಗಾದ್ರ ನಿಮ್ಮ ದನಿಯ ದೇವಿ ದನಿ ಕೊಡಾಂಗಿಲ್ಲ?"

"ಕೊಡ್ತಾಳಂತ ನಾ ಯಾವಾಗ ಅಂದೇನ್ರಿ ಅಕ್ಕೋರ?"

"ಮತ್ತ ಕರ್ಕೊಂಡು ಬರ್ರಿ ಅಂದಿ?"

"ನೋಡಿದ್ರ ಅಣ್ಣಾರಿಗೆ ಚಲೋ ಅನಸ್ತೈತಿ ಅಂತ ಅಂದೆ."

ಸಮುದ್ರ ದಾಟಿ, ಕರುಳು ಬಾಯಿಗೆ ಬರುವಷ್ಟು ವಾಂತಿ ಮಾಡಿಕೊಂಡು, ನೋಡಿ ಚಲೋ ಅನಿಸಿಕೊಳ್ಳಲು ಬಂದೆವೇ? ಅವಳ ಮೇಲೆ ಹರಿಹಾಯ್ದೆ. ಅಣ್ಣನಿಗೆ ಮಾತ್ರ ಇದನ್ನು ಹೇಳಬೇಡ, ಅವನ ಆಸೆ ಹೋದೀತು ಅಂದೆ. ತಿರುಗಿ ನೋಡಿದರೆ ಅಣ್ಣ ಹಿಂದೆಯೇ ನಿಂತಿದ್ದ. ಗಂಟಲು ಹೋದವನ ಕಿವಿ ನೆಟ್ಟಗೇ ಇದೆ ಅನ್ನುವುದು ನಮಗೆಲ್ಲ ಮರೆತುಹೋಗುತ್ತಿತ್ತು. ಅವನು ಸುಮ್ಮನೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದ. ಆ ಬೆನ್ನು ನೋಡಲು ನನಗೆ ಆಗಲಿಲ್ಲ.

ಆವುಲಿಯ ಗುಡಿ

ದನಿಯ ದೇವಿಯ ಹೆಸರು ಆವುಲಿ. ಬಂದಿದ್ದೇವೆ, ನೋಡಿ ಹೋಗೋಣ ಅಂತ ಮರುದಿನ ಬೆಳಿಗ್ಗೆ ಹೋದೆವು. ಮಧ್ಯಾಹ್ನಕ್ಕೆ ವಾಪಸು ಹಡಗಿತ್ತು. ಗುಡಿ ದೊಡ್ಡದೇನಲ್ಲ, ಬಾಗೇವಾಡಿಯ ಬಸವಣ್ಣನ ಗುಡಿಯ ಒಂದು ಮೂಲೆಯಷ್ಟು. ಒಳಗೆ ಕಲ್ಲಿನ ಹೆಂಗಸು, ಮೊಣಕಾಲಿನ ಮೇಲೆ ಕೈ ಇಟ್ಟು ಮುಂದಕ್ಕೆ ಬಾಗಿ ಕೂತಿದ್ದಾಳೆ. ಕಿವಿಗಳು ಮೊರದಗಲ. ಮೂಗಿನ ಕೆಳಗೆ ಬಾಯಿಯೇ ಇಲ್ಲ, ಬರೀ ನುಣುಪು ಕಲ್ಲು.

ನಾನು ಬಾಯಿಲ್ಲದ ದೇವಿಯನ್ನು ನೋಡುತ್ತ, ಚೀಲದಲ್ಲಿದ್ದ ಬೆಳ್ಳಿ ನಾಲಗೆಯನ್ನು ಎಲ್ಲಿ ಬಚ್ಚಿಡಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಢಣ್ ಅಂದಿತು.

ಅಣ್ಣ ಗಂಟೆ ಬಾರಿಸಿದ್ದ.

ಅವನದೇನೂ ತಪ್ಪಿಲ್ಲ. ಗುಡಿಯ ಬಾಗಿಲಲ್ಲಿ ಗಂಟೆ ತೂಗುತ್ತಿದ್ದರೆ ನಮ್ಮ ಕಡೆಯವರ ಕೈ ತಾನಾಗಿಯೇ ಮೇಲೆ ಹೋಗುತ್ತದೆ. ಮಕ್ಕಳನ್ನು ಎತ್ತಿ ಹಿಡಿದು ಅವರ ಕೈಯಿಂದಲೂ ಬಾರಿಸುತ್ತೇವೆ. ಆದರೆ ಮಿರಾಲದಲ್ಲಿ ಗಂಟೆ ಬಾರಿಸುವುದೆಂದರೆ, ಈ ದೇವರ ಪಾಳಿ ಇನ್ನು ನನ್ನದು ಅಂತ ಹೇಳಿದ ಹಾಗೆ. ಕಂಡಕಂಡಲ್ಲಿ ಗಂಟೆ ಬಾರಿಸುವ ಜನವೂ ಇದ್ದಾರೆ ಅನ್ನುವುದು ನಿಂಬೆ ತೋಟ ಬಿಟ್ಟು ಬೇರೇನೂ ನೋಡದ ಓಯ್ಲಿಗೆ ಗೊತ್ತಿರಲಿಲ್ಲ.

"ಅಯ್ಯ ಯಪ್ಪಾ, ಬಾರಿಸೇ ಬಿಟ್ರಲ್ರಿ!" ಅಂತ ಅವಳು ಹಣೆ ಬಡಿದುಕೊಂಡಳು.

ದೇವಿಯ ಪಾದದ ಬಳಿ ಕೂತಿದ್ದ ಒಬ್ಬ ಮುದುಕ ಎದ್ದು, ಹೆಗಲ ಮೇಲಿದ್ದ ಬೂದುಬಣ್ಣದ ಶಾಲು ತೆಗೆದು ಸೊಂಟ ನೀವಿಕೊಂಡ. ಅವನ ಪಾಳಿ ಮುಗಿದಿತ್ತು. ಗುಡಿಯನ್ನು ನೋಡಿಕೊಳ್ಳುವ ಹಿರಿಯಳು ಆ ಶಾಲನ್ನು ತಂದು ಅಣ್ಣನಿಗೆ ಹೊದಿಸಿ, ಅದೇ ಮಣೆಯ ಮೇಲೆ ಕೂರಿಸಿದಳು. ಮುದುಕ ಬಗ್ಗಿ ಅಣ್ಣನ ಕಿವಿಯಲ್ಲಿ ಏನೋ ಪಿಸುಗುಟ್ಟಿ ಹೋದ. ಅಂಗಳದಲ್ಲಿದ್ದ ಜನ ಸಾಲು ಕಟ್ಟತೊಡಗಿದರು. ಒಬ್ಬೊಬ್ಬರಾಗಿ ಬಂದು ಎದುರಿಗೆ ಕೂತು, ಮನಸ್ಸಿನಲ್ಲಿದ್ದದ್ದನ್ನು ಹೇಳಿ ಹೋಗುತ್ತಾರೆ, ಪಾಳಿಯವನು ದೇವಿಯ ಪರವಾಗಿ ಕೇಳಿಸಿಕೊಳ್ಳಬೇಕು. ಇನ್ನೊಬ್ಬರು ಬಂದು ಗಂಟೆ ಬಾರಿಸುವವರೆಗೆ ಅವನೇ ದೇವಿಯ ಕಿವಿ.

ನಾನು ಹಿರಿಯಳ ಮುಂದೆ ನಿಂತು ಶುರುಮಾಡಿದೆ. ಇವನಿಗೆ ನಿಮ್ಮ ಭಾಷೆ ಬರುವುದಿಲ್ಲ, ಮಾತೂ ಬರುವುದಿಲ್ಲ, ಮಧ್ಯಾಹ್ನ ಹಡಗಿದೆ, ತಿಳಿಯದೆ ಮಾಡಿದ್ದಾನೆ. ಓಯ್ಲಿ ತೊದಲುತ್ತ ಎಲ್ಲವನ್ನೂ ಹೇಳಿದಳು. ಹಿರಿಯಳು ಸಮಾಧಾನದಿಂದ ಕೇಳಿಸಿಕೊಂಡು ದೇವಿಯ ಮುಖ ತೋರಿಸಿದಳು.

"ಆವುಲಿಗೂ ಬಾಯಿಲ್ಲಲ್ಲ, ಅಡ್ಡಿ ಏನು ಅಂತಾರ್ರಿ. ಒಲ್ಲೆ ಅಂದ್ರ ಶಾಲು ತಿರುಗಿ ಕೊಟ್ಟು ಹೋಗಬಹುದಂತ, ಯಾರೂ ಏನೂ ಅನ್ನಾಂಗಿಲ್ಲ."

ಸದ್ಯ ಅಂದುಕೊಂಡು ಅಣ್ಣನ ಹೆಗಲಿನ ಶಾಲಿಗೆ ಕೈ ಹಾಕಿದೆ. ಅಣ್ಣ ಎರಡೂ ಕೈಯಲ್ಲಿ ಶಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಎಳೆದೆ, ಬಿಡಲಿಲ್ಲ. ಒಂದು ವರ್ಷದಿಂದ ಊಟ, ಔಷಧ, ಮಂದಿ, ಎಲ್ಲವನ್ನೂ ಅತ್ತ ಸರಿಸುತ್ತಿದ್ದ ಮನುಷ್ಯ ಒಂದನ್ನಾದರೂ ಹಿಡಿದುಕೊಂಡದ್ದು ಅದೇ ಮೊದಲು. ನಾನು ಕೈಬಿಟ್ಟು ದೂರ ಹೋಗಿ ಕೂತೆ. ಮಧ್ಯಾಹ್ನದ ಹಡಗು ನಮ್ಮನ್ನು ಬಿಟ್ಟು ಹೋಯಿತು.

ಮೊದಲು ಬಂದವನು ಒಬ್ಬ ಮೀನುಗಾರ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದ. ಏನು ಹೇಳುತ್ತಿದ್ದಾನೆ ಅಂತ ಓಯ್ಲಿಯನ್ನು ತಿವಿದೆ. "ಕೇಳಬಾರದ್ರಿ, ಅದು ದೇವಿಗೆ ಹೇಳೂದು" ಅಂತ ಅವಳು ಕಿವಿಗೆ ಬಟ್ಟೆ ಕಟ್ಟಿಕೊಂಡಳು. ಅಣ್ಣ ಮಾತ್ರ ಅವನ ಹುಬ್ಬು, ಬೆರಳು, ಉಗುಳು ನುಂಗುವ ಗಂಟಲು ಎಲ್ಲವನ್ನೂ ನೋಡುತ್ತಿದ್ದ. ನನಗೆ ಆ ನೋಟದ ಗುರುತು ಹತ್ತಿತು. ಯಾರ ಹುಬ್ಬು ಅಲ್ಲಾಡಿತು, ಯಾರು ಇನ್ನೊಂದು ಹೆಜ್ಜೆ ಏರುತ್ತಾರೆ ಅಂತ ಲಿಲಾವಿನ ಗದ್ದಲದ ನಡುವೆ ಹಿಡಿಯುತ್ತಿದ್ದ ನೋಟ ಅದು. ಕೂಗುವುದು ಅರ್ಧ ಕಸುಬು, ಉಳಿದರ್ಧ ನೋಡುವುದು ಅಂತ ಅವನೇ ಹೇಳುತ್ತಿದ್ದ. ಅವನ ಗಂಟಲಿನ ಜೊತೆ ಇಡೀ ಕಸುಬೇ ಹೋಯಿತು ಅಂತ ನಾವು ಅತ್ತುಬಿಟ್ಟಿದ್ದೆವು. ಉಳಿದರ್ಧ ಅಲ್ಲೇ ಇತ್ತು.

ಮೀನುಗಾರ ಎದ್ದು ಹೋಗುವಾಗ ಅವನ ಹೆಗಲು ಹಗುರಾಗಿತ್ತು. ಆಮೇಲೆ ಒಬ್ಬ ಬಸುರಿ ಬಂದಳು, ಇಬ್ಬರು ಜಗಳವಾಡಿದ ಅಣ್ಣತಮ್ಮಂದಿರು ಬೇರೆಬೇರೆಯಾಗಿ ಬಂದರು, ಬಂದರಿನ ಆ ಮೊಂಡ ಅಧಿಕಾರಿಯೂ ಬಂದ. ಅವನು ಅತ್ತುಬಿಟ್ಟ. ಅಣ್ಣ ಶಾಲಿನ ತುದಿಯಿಂದ ಅವನ ಮುಖ ಒರೆಸಿದ. ನಮ್ಮಲ್ಲಿ ಕಷ್ಟ ಹೇಳಿಕೊಳ್ಳಲು ಹೋದರೆ, ಎದುರಿನವರು ಅರ್ಧಕ್ಕೇ ತಡೆದು ತಮ್ಮ ಕಷ್ಟ ಶುರುಮಾಡುತ್ತಾರೆ. ಅದರಲ್ಲಿ ನಾನೂ ಕಡಿಮೆಯವಳಲ್ಲ.

ರಾತ್ರಿ ಸಾಲು ಕರಗಿದಾಗ ನಾನು ಹೋಗಿ ಅವನ ಎದುರು ಕೂತೆ. ಯಾಕೆ ಹೋದೆನೋ ಗೊತ್ತಿಲ್ಲ. ಅವನಿಗೆ ಕಾಯಿಲೆ ಬಂದಾಗಿನಿಂದ ಅವನ ಬಗ್ಗೆ ಎಲ್ಲರ ಬಳಿ ಮಾತಾಡಿದ್ದೆ, ಅವನ ಬಳಿ ಮಾತ್ರ ಮಾತಾಡಿರಲಿಲ್ಲ.

"ಅಣ್ಣಾ," ಅಂದೆ. "ನಿನ್ನ ದನಿ ಹೋಗೇತಿ ಅಂತ ನನಗ ದುಃಖ ಇಲ್ಲೋ. ಜೀವ ಉಳಿದೈತಿ, ಅದಕ್ಕ ದಿನಾ ಕೈ ಮುಗೀತೇನಿ. ಆದ್ರ ನೀ ಗ್ವಾಡಿಗೆ ಮುಖಾ ಮಾಡಿ ಮಲಗ್ತೀಯಲ್ಲ, ಹಂಗ ಮಲಕ್ಕೋತ ಒಂದಿನ ಹೊಂಟ ಹೋಗ್ತಿ ಅಂತ ನನಗ ಅಂಜಿಕಿ. ನೀ ನನಗ ಬೇಕೋ. ಹ್ಯಾಂಗಿದ್ರೂ ಬೇಕು."

ಇನ್ನೂ ಏನೇನೋ ಹೇಳಿದೆ. ಅಣ್ಣ ಕಣ್ಣು ಬೇರೆಡೆ ತಿರುಗಿಸಲಿಲ್ಲ. ಮುಗಿದ ಮೇಲೆ ಶಾಲಿನ ಅದೇ ತುದಿಯಿಂದ ನನ್ನ ಮುಖವನ್ನೂ ಒರೆಸಿದ. ಆ ಶಾಲು ಮೀನಿನ ವಾಸನೆ ಹೊಡೆಯುತ್ತಿತ್ತು.

ಮರುದಿನ ಬಿಸಿಲು ಏರಿದಾಗ ಒಬ್ಬ ದೋಣಿ ನಡೆಸುವ ಹೆಂಗಸು ಬಂದು ಗಂಟೆ ಬಾರಿಸಿದಳು. ಪಾಳಿ ಮುಗಿಯಿತು ಅಂತ ನಾನು ಚೀಲ ಎತ್ತಿಕೊಂಡೆ. ಆದರೆ ಹಿರಿಯಳು ಇನ್ನೂ ಒಂದು ಬಾಕಿ ಇದೆ ಅಂದಳು. ಅಷ್ಟು ಜನರದ್ದನ್ನು ಕೇಳಿಸಿಕೊಂಡವನು ತನ್ನದನ್ನು ಹೇಳದೆ ಎದ್ದು ಹೋಗುವ ಹಾಗಿಲ್ಲ. ಹೊಸದಾಗಿ ಕೂತವಳು ಮೊದಲು ಹಳಬನ ಮಾತು ಕೇಳಬೇಕು. ನಿನ್ನೆಯ ಮುದುಕ ಅಣ್ಣನ ಕಿವಿಯಲ್ಲಿ ಏನೋ ಪಿಸುಗುಟ್ಟಿ ಹೋದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

"ಇವಂಗ ದನಿನ ಇಲ್ಲಲ್ಲವಾ, ಹ್ಯಾಂಗ ಹೇಳ್ತಾನ?" ಅಂತ ನಾನು ಓಯ್ಲಿಯ ಮೇಲೆ ಎಗರಿದೆ. ಹಿರಿಯಳು ಬಂದರಿನ ಅಧಿಕಾರಿಯ ಹಾಗೆಯೇ ನನ್ನ ಕಡೆ ನೋಡಲಿಲ್ಲ. ಅಣ್ಣನ ಮುಖ ನೋಡುತ್ತ ಕಾದಳು. ದೋಣಿಯ ಹೆಂಗಸೂ ಕಾದಳು. ನಾನು ಬಾಯಿ ಮುಚ್ಚಿದೆ.

ಅಣ್ಣ ಅಂಗಿಯ ಒಳಜೇಬಿಗೆ ಕೈ ಹಾಕಿದ. ಮನೆಯ ಡಬ್ಬಿಯಲ್ಲಿದೆ ಅಂತ ನಾವೆಲ್ಲ ಅಂದುಕೊಂಡಿದ್ದ ಯಂತ್ರ ಅವನ ಕೈಯಲ್ಲಿತ್ತು. ಯಾರಿಗೂ ತಿಳಿಸದೆ ಅಲ್ಲಿಯವರೆಗೆ ಹೊತ್ತು ತಂದಿದ್ದ. ಗದ್ದದ ಕೆಳಗೆ ಒತ್ತಿ ಹಿಡಿದ. ಗುಂಯ್ ಅನ್ನುವ ಆ ದನಿ ಗುಡಿಯ ಕಲ್ಲಿಗೆ ತಾಗಿ ಬಂತು, ಮಾತು ಮಾತ್ರ ನನಗೆ ತಿಳಿಯಲಿಲ್ಲ.

ನಾನು ಸುತ್ತಲಿನವರ ಮುಖಗಳನ್ನು ನೋಡಿದೆ. ಯಾರೂ ಬೆಚ್ಚಲಿಲ್ಲ, ಯಾರೂ ಪಾಪ ಅನ್ನುವ ಮುಖ ಮಾಡಲಿಲ್ಲ. ದೋಣಿಯ ಹೆಂಗಸು ಇನ್ನಷ್ಟು ಹತ್ತಿರ ಬಾಗಿದಳು, ಆಮೇಲೆ ಜೋರಾಗಿ ನಕ್ಕು ಅಣ್ಣನ ಮೊಣಕಾಲು ತಟ್ಟಿದಳು. ಅಣ್ಣನೂ ನಕ್ಕ. ಅವನ ನಗುವಿಗೆ ಸದ್ದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಅದನ್ನು ನೋಡಿ ನಾನು ಕಂಬಕ್ಕೆ ಮುಖ ಒತ್ತಿಕೊಂಡು ಅತ್ತೆ.

ಬೆಳ್ಳಿ ನಾಲಗೆಯನ್ನು ಕೊನೆಗೂ ಹಿರಿಯಳಿಗೆ ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, ಚಮಚ ಚೆನ್ನಾಗಿದೆ ಅಂತ ವಾಪಸು ಕೊಟ್ಟಳು. ಈಗ ಅದು ನಮ್ಮ ಮನೆಯ ಸಕ್ಕರೆ ಡಬ್ಬಿಯಲ್ಲಿದೆ.

ಹಡಗಿನಲ್ಲಿ

ವಾಪಸು ಬರುವಾಗಲೂ ಹೊಟ್ಟೆ ತೊಳಸಿತು, ಗಾಳಿ ದೇವರಿಗೆ ಕರುಣೆಯಿಲ್ಲ. ಅಣ್ಣ ಪಕ್ಕದಲ್ಲಿ ಕೂತು ನಿಂಬೆಹಣ್ಣು ಮೂಸಿಸುತ್ತಿದ್ದ. ಗುಡಿಯಲ್ಲಿ ಆ ಹೆಂಗಸಿಗೆ ಏನು ಹೇಳಿದೆ ಅಂತ ಕೇಳಬಾರದು ಅಂದುಕೊಂಡಿದ್ದೆ, ತಡೆಯಲಾರದೆ ಕೇಳಿದೆ. ಅವನು ಯಂತ್ರ ತೆಗೆದ.

"ಲಿಲಾವು ಕೂಗಿದೆ. ತೊಗರಿದು."

"ಅಷ್ಟ ಏನು?"

"ಮದಲ ಚಿನ್ನೀದು ಹೇಳಿದೆ. ಆಕಿ ಅಂಜಿದ್ದು. ಆಮ್ಯಾಲ ಕೂಗಿದೆ." ಉಸಿರು ತೆಗೆದುಕೊಂಡು ಮತ್ತೆ ಒತ್ತಿದ. "ಅವರಿಗೆ ನನ್ನ ಹಿಂದಿನ ದನಿ ಗೊತ್ತಿಲ್ಲ ನೋಡು. ಇದ ನನ್ನ ದನಿ ಅಂತ ಕೇಳಿದ್ರು."

ನಾನು ನಿಂಬೆಹಣ್ಣು ಮೂಸುತ್ತ ಕೇಳಿಸಿಕೊಂಡೆ. ನನಗೂ ಅಷ್ಟೊತ್ತಿಗೆ ಸ್ವಲ್ಪ ಕೇಳಿಸಿಕೊಳ್ಳುವುದು ರೂಢಿಯಾಗಿತ್ತು.

ಮುದ್ದೇಬಿಹಾಳ

ಬಸ್ಸಿನಿಂದ ಇಳಿಯುವಾಗ ಅತ್ತಿಗೆ, ಅವರ ಸೊಸೆ, ಚಿನ್ನಿ ಮೂವರೂ ಕಾದಿದ್ದರು. ಬಸ್ ಸ್ಟ್ಯಾಂಡ್ ತುಂಬ ಎಂದಿನ ಗದ್ದಲ. ಆಟೋದವರು ಕೂಗುತ್ತಿದ್ದರು, ಎದುರಿಗೆ ಮನಗೂಳಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಣ್ಣ ಚಿನ್ನಿಯಿಂದ ನಾಲ್ಕು ಮಾರು ಆಚೆಗೇ ನಿಂತು, ಚೀಲ ಕೆಳಗಿಟ್ಟು, ಕುಕ್ಕರಗಾಲಿನಲ್ಲಿ ಕೂತ. ಮೊಣಕಾಲಿನ ಮೇಲೆ ಒಂದು ಕೈ ಇಟ್ಟು ಮುಂದಕ್ಕೆ ಬಾಗಿದ, ಥೇಟ್ ಆವುಲಿಯ ಹಾಗೆ. ಇನ್ನೊಂದು ಕೈಯಲ್ಲಿ ಯಂತ್ರ ತೆಗೆದ. ಸೊಸೆ ಗಾಬರಿಯಿಂದ ಮಗಳ ಕಿವಿ ಮುಚ್ಚಲು ಹೋದಳು, ನಾನು ಅವಳ ಕೈ ಹಿಡಿದೆ.

"ಚಿನ್ನೀ," ಅಂದಿತು ಆ ದನಿ. "ಒಂದನೇ ಸವಾಲ್."

ಚಿನ್ನಿ ಅವ್ವನ ಸೆರಗು ಹಿಡಿದಳು. ಅಣ್ಣ ಅವಸರ ಮಾಡಲಿಲ್ಲ. ಅವಳ ಹುಬ್ಬು ನೋಡುತ್ತ ಕಾದ.

"ಎರಡನೇ ಸವಾಲ್. ಬಾಯಿಲ್ಲದ ದೇವೀ ಕಥಿ. ಯಾರಿಗೆ ಬೇಕು?"

ಅವಳು ಅವ್ವನ ಮುಖ ನೋಡಿದಳು, ಮುತ್ಯಾನ ಕೈಯಲ್ಲಿದ್ದ ಯಂತ್ರ ನೋಡಿದಳು. "ಕೇಳಸವಲ್ದು ಮುತ್ಯಾ," ಅಂದಳು. ಬಸ್ಸಿನ ಹಾರ್ನಿನಲ್ಲಿ ನಿಜವಾಗಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ, ನಾನೂ ಅರ್ಧ ಅವನ ತುಟಿ ನೋಡಿಯೇ ತಿಳಿದುಕೊಂಡಿದ್ದೆ.

ಅಣ್ಣನ ಹಿಂದಿನ ದನಿ ಮಾರ್ಕೆಟ್ಟಿನಿಂದ ಈ ಬಸ್ ಸ್ಟ್ಯಾಂಡಿನವರೆಗೆ ಬರುತ್ತಿತ್ತು. ಈ ದನಿ ನಾಲ್ಕು ಮಾರೂ ದಾಟುವುದಿಲ್ಲ, ಕೇಳಬೇಕೆಂದರೆ ಹತ್ತಿರ ಹೋಗಬೇಕು. ಚಿನ್ನಿ ಸೆರಗು ಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ ಹೋಗಿ, ಮುತ್ಯಾನ ಮೊಣಕಾಲಿಗೆ ತಾಗಿ ನಿಂತು ಕಿವಿ ಕೊಟ್ಟಳು.